ಬೈಬಲಿನ ರಟ್ಟಿಗೆ ಅಂಟಿಸಿದ್ದ ಬೊಟ್ಟು

ಇವತ್ತು ಶುಕ್ರವಾರ, ಉಪವಾಸ. ನೀರು ಹಿಡಿದು, ಬಟ್ಟೆ ಒಗೆದು, ಮನೆಯವರಿಗೆ ಚಿತ್ರಾನ್ನ ಮಾಡಿಟ್ಟು ಸೈಬರ್ ಸೆಂಟರ್‌ಗೆ ಬಂದಿದ್ದೇನೆ. ನಮ್ಮ ಸಭೆಗಳವರ ಈ ಗುಂಪಿನಲ್ಲಿ ಇದನ್ನು ಬರೆದು ಹಾಕಲೇಬೇಕು.

ಎರಡು ವಾರದ ಹಿಂದೆ ಚಿಕ್ಕಲಸಂದ್ರದ ನಮ್ಮ ಮನೆಯಲ್ಲಿ ಹೆಂಗಸರ ಪ್ರಾರ್ಥನಾ ಕೂಟವಿತ್ತು. ನನ್ನ ಪಕ್ಕ ಸುಶೀಲ ಕೂತಿದ್ದಳು. ಹೆಸರು ಬದಲಾಯಿಸಿದ್ದೇನೆ. ಗದಗದ ಕಡೆಯವಳು, ಹಿಂದಿನ ಬೀದಿಯಲ್ಲಿ ಗಂಡ, ಮಗು, ಅತ್ತೆಯ ಜೊತೆ ಬಾಡಿಗೆಗಿದ್ದಳು.

ಅವಳು ಬೈಬಲ್ ತೆರೆದಾಗ ರಟ್ಟಿನ ಒಳಗೆ ಕೆಂಪು ಸ್ಟಿಕ್ಕರ್ ಬೊಟ್ಟು ಕಂಡಿತು. ಬಸ್ ಸ್ಟಾಪ್‌ನಲ್ಲಿ ಅವಳ ಹಣೆಯಲ್ಲೂ ನೋಡಿದ್ದೆ. ನಮ್ಮ ಸಭೆಯಲ್ಲಿ ಬೊಟ್ಟು ಇಡುವುದಿಲ್ಲ, ಇಲ್ಲಿ ಬಂದರೆ ಬರೀ ಹಣೆ... ಇದು ನಾಟಕ ಅಂತ ತೀರ್ಮಾನ ಮಾಡಿಬಿಟ್ಟೆ.

ನಮ್ಮಲ್ಲೊಂದು ಅಭ್ಯಾಸವಿದೆ, ನಿಮಗೂ ಗೊತ್ತು. ಎದುರಿಗೆ ಕೇಳಲು ಧೈರ್ಯವಿಲ್ಲದ್ದನ್ನು ಕಣ್ಣು ಮುಚ್ಚಿಕೊಂಡು ದೇವರಿಗೆ ಹೇಳಿದಂತೆ ಹೇಳುತ್ತೇವೆ.

ನನ್ನ ಸರದಿ ಬಂತು. ಗಟ್ಟಿಯಾಗಿಯೇ ಶುರು ಮಾಡಿದೆ. "ಕರ್ತನೇ, ನಿನ್ನ ಮಗಳು ಸುಶೀಲಳ ಎರಡು ಮನಸ್ಸನ್ನು ಮುರಿಯಪ್ಪಾ. ಮನೆಯಲ್ಲೊಂದು ಹಣೆ, ಸಭೆಯಲ್ಲೊಂದು ಹಣೆ..."

ಕಿಟಕಿ ತೆರೆದಿತ್ತು. ಹೊರಗೆ ತರಕಾರಿ ಗಾಡಿ ನಿಂತಿತ್ತು.

"ಯಾವ ಸುಶೀಲಾರೀ? ನಮ್ಮ ಸೊಸಿ ಅದಾಳೇನು ಒಳಗ?"

ಅವಳ ಅತ್ತೆ. ಕೈಯಲ್ಲಿ ಬದನೆಕಾಯಿ ಹಿಡಿದು ಕಿಟಕಿಯೊಳಗೆ ಇಣುಕುತ್ತಿದ್ದರು. "ಹೊಲಿಗಿ ಕ್ಲಾಸ್ ಅಂತ ನನಗ ಹೇಳಿ ಬಂದಾಳ್ರೀ," ಅಂದರು. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.



ಸುಶೀಲ ರಟ್ಟಿನಿಂದ ಬೊಟ್ಟು ಕಿತ್ತು ಹಣೆಗೆ ಇಟ್ಟುಕೊಂಡಳು. ಅದು ಓರೆಯಾಯಿತು. "ಒಂದ್ ಮಾತು ನನ್ನ ಕೇಳಬೇಕಿತ್ರೀ ಅಕ್ಕಾ," ಅಂದಳು. ಬೈಬಲ್ ಅಲ್ಲೇ ಬಿಟ್ಟು ಹೋದಳು.

ಆಮೇಲೆ ಪಾಸ್ಟರಮ್ಮ ಹೇಳಿದರು. "ಸಭೆಗೆ ಹೋದ್ರೆ ಊರಿಗೆ ಕಳಿಸ್ತೀನಿ, ಮಗೂನ ಕೊಡಲ್ಲ ಅಂತ ಗಂಡ ಒಂದ್ಸಲ ಹೆದರಿಸಿದ್ನಂತೆ ಕಣ್ರೀ. ಮನೇಲಿ ನಿಧಾನವಾಗಿ ಹೇಳ್ತೀನಿ ಅಂತಿದ್ಲು."

ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ತಾನೇ ಗೊತ್ತಾಗುವುದು.

ಮೂರನೇ ದಿನ ಮನೆ ಖಾಲಿ. ಹುಳಿಮಾವಿಗೆ ಹೋದರು ಅಂತ ಅಕ್ಕಪಕ್ಕದವರು ಅಂದರು. ಹುಡುಕಿಕೊಂಡು ಹೋದೆ. ಬಾಗಿಲು ತೆರೆದ ಅತ್ತೆ ನನ್ನ ಮುಖ ನೋಡಿದ್ದೇ ಮುಚ್ಚಿಬಿಟ್ಟರು. ಒಳಗೆ ಮಗು ಅಳುತ್ತಿತ್ತು. ಸಮಾಧಾನ ಮಾಡುವ ದನಿ ಕೇಳಲಿಲ್ಲ...

ಸುಶೀಲ ಆ ಮನೆಯಲ್ಲಿದ್ದಾಳೋ ಇಲ್ಲವೋ, ಅದೇ ನನಗೆ ತಿಳಿಯದು.

ತೀರ್ಪು ಮಾಡುವುದು ನಮ್ಮ ಕೆಲಸವಲ್ಲ ಅಂತ ಎಷ್ಟೋ ಸಲ ಓದಿದವಳು ನಾನು. ಈಗ ಪ್ರಾರ್ಥನೆಗೆ ಕಣ್ಣು ಮುಚ್ಚಲು ಭಯ. ದೇವರು ನನ್ನನ್ನೂ ಹೀಗೆಯೇ, ಏನನ್ನೂ ಕೇಳದೆ, ಎಲ್ಲರೆದುರು ಹೆಸರು ಹಿಡಿದು ಕರೆದರೆ?

ಅವರ ಹೊಸ ಬೀದಿಯ ಹಾಲಿನ ಬೂತ್ ಆಂಟಿ ಕೈಯಲ್ಲಿ ಒಂದು ಚೀಟಿ ಕೊಟ್ಟು ಬಂದಿದ್ದೇನೆ. ಕ್ಷಮಿಸು, ಹೇಗಿದ್ದೀಯ ಅಂತ ಮಾತ್ರ ಬರೆದಿದ್ದೇನೆ. "ಅವ್ರತ್ತೇನೇ ಬರ್ತಾವ್ರೆ ಹಾಲಿಗೆ. ಆ ಹುಡುಗಿ ಬಂದ್ರೆ ಕೊಡ್ತೀನಿ ಬಿಡಿ," ಅಂದರು.

ನಾನು ಮತ್ತೆ ಹೋದರೆ ಅತ್ತೆ ಗುರುತು ಹಿಡಿಯುತ್ತಾರೆ. ಹುಳಿಮಾವಿನಲ್ಲಿರುವ ಯಾರಾದರೂ ನನಗೆ ಮೆಸೇಜ್ ಮಾಡಿ, ಬೂತ್ ಎಲ್ಲಿ ಅಂತ ನಿಮಗೊಬ್ಬರಿಗೇ ಹೇಳುತ್ತೇನೆ. ಅಲ್ಲಿ ಅವಳ ಹೆಸರು ಗಟ್ಟಿಯಾಗಿ ಹೇಳಬೇಡಿ... ನನ್ನ ಚೀಟಿಗೆ ಉತ್ತರ ಬಂದಿದ್ದರೆ ತಂದುಕೊಡಿ, ಸಾಕು.