ಅಡಿಟಿಪ್ಪಣಿಗೊಂದು ಹೆಸರು

ಕೊರಿಯಾದ ಮೋಕ್ಪೊ ಊರಿನ ಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಚರಿತ್ರೆ ಕಲಿಸುತ್ತಿದ್ದ ಮ್ಯೋಂಗ್‌ಜು ಟೀಚರ್ ಎಂದರೆ ಮಕ್ಕಳಿಗೆ ನಡುಕ. ನಕಲು ಹೊಡೆದವರನ್ನು ಅವಳು ಬಿಟ್ಟದ್ದೇ ಇಲ್ಲ. ಅಂಥವಳೇ ನಲವತ್ತೈದರಲ್ಲಿ ಸಿಕ್ಕಿಬಿದ್ದಳು, ನೋಡಿ!

ಅವಳು ಸಂಜೆ ಹೊತ್ತು ಎಂ.ಎ. ಓದುತ್ತಿದ್ದ ವಿಭಾಗದಲ್ಲಿ ಒಂದು ಪದ್ಧತಿ. ಓದು ಮುಗಿಸಿಯೋ ನಿಲ್ಲಿಸಿಯೋ ಹೋಗುವ ಹಿರಿಯ ವಿದ್ಯಾರ್ಥಿಗಳು ತಮ್ಮ ಟಿಪ್ಪಣಿ ಪುಸ್ತಕಗಳನ್ನು ಕಿರಿಯರಿಗೆ ಕೊಡುತ್ತಾರೆ. ಕಿರಿಯರು ಅವನ್ನು ಕೈಯಲ್ಲೇ ನಕಲು ಮಾಡಿ ಕಲಿಯಬೇಕು. ಗಂಡನ ಕಾಯಿಲೆಯಿಂದ ಓದು ನಿಲ್ಲಿಸಿದ ಚೂಜಾ, ಉಪ್ಪಿನ ಗದ್ದೆಯ ಕೂಲಿಗಳನ್ನು ಮಾತಾಡಿಸಿ ಬರೆದ ಮೂರು ಪುಸ್ತಕಗಳನ್ನು ಇವಳ ಕೈಗಿಟ್ಟಿದ್ದಳು. ಮ್ಯೋಂಗ್‌ಜು ಅಕ್ಷರ ಬಿಡದೆ ಬರೆದುಕೊಂಡಳು. ಯಾರದೆಂದು ಗುರುತು ಮಾತ್ರ ಹಾಕಲಿಲ್ಲ. ಆಮೇಲೆ ತಾನೂ ಗದ್ದೆಗಳಿಗೆ ಹೋಗಿ ಬರೆದಳು. ಎಲ್ಲ ಒಂದೇ ಕೈಬರಹ, ಎಲ್ಲ ತನ್ನದೇ ಅನ್ನಿಸಿ ಎಂ.ಎ. ಪ್ರಬಂಧಕ್ಕೆ ಸೇರಿತು. ಮೂವರು ಪರೀಕ್ಷಕರೂ ಒಪ್ಪಿ ಮೊಹರು ಒತ್ತಿದರು.

ಅಚ್ಚಾದ ಮೊದಲ ಪ್ರತಿ ಟಿಪ್ಪಣಿ ಕೊಟ್ಟ ಹಿರಿಯರಿಗೆ ಸಲ್ಲಬೇಕು, ಅದೂ ಪದ್ಧತಿಯೇ. ನೂಡಲ್ಸ್ ಅಂಗಡಿಯಲ್ಲಿ ಎರಡೂ ಕೈಯಿಂದ ಕೊಟ್ಟಳು. ಪುಟ ತಿರುವುತ್ತಿದ್ದ ಚೂಜಾ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಈ ಉಪ್ಪಿನ ಗದ್ದೆ ಅಜ್ಜಿ ಅಂಗಾಲಿನ ಬಿರುಕಿಗೆ ಮೇಣ ತುಂಬ್ಕೋತಿದ್ದದ್ದು ನೀನ್ಯಾವಾಗ ನೋಡ್ದೆ? ನೀನು ಸೇರೋಕೆ ಮುಂಚೇನೇ ಅವಳು ಸತ್ತಿದ್ಲು."

"ಅಯ್ಯೋ ಅಕ್ಕಾ... ಬೇಕಂತ ಮಾಡ್ಲಿಲ್ಲ. ಕೃತಜ್ಞತೆ ಪುಟದಲ್ಲಿ ನಿಮ್ಮ ಹೆಸರಿದೆ, ನೋಡಿ."

"'ಪ್ರೀತಿಯ ಅಕ್ಕನಿಗೆ' ಅಂತ! ನಿನ್ನ ಪ್ರೀತಿ ಯಾರಿಗೆ ಬೇಕಿತ್ತೇ? ಕೈ ಕೆಸರಾಗಿದ್ದು ನಂದು, ಬಾಯಿ ಮೊಸರಾಗಿದ್ದು ನಿಂದು."

ನಾಚಿಕೆಯಿಂದ ಮ್ಯೋಂಗ್‌ಜುಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮರುದಿನ ತನ್ನ ಮಾರ್ಗದರ್ಶಕ ಪ್ರೊಫೆಸರರ ಮುಂದೆ ಎಲ್ಲ ಹೇಳಿಕೊಂಡಳು. ಅವರು ಎದ್ದು ಬಾಗಿಲು ಹಾಕಿದರು.

"ಆಗಿದ್ದಾಯ್ತು, ಸುಮ್ನಿರಿ ಟೀಚರ್. ಯಾರು ಓದ್ತಾರೆ? ಉಪಪ್ರಾಂಶುಪಾಲರಾಗೋ ಹೊತ್ತಲ್ಲಿ ಪದವಿ ಕಳ್ಕೋತೀರಾ?"

ಸುಮ್ಮನಿರಬಹುದಿತ್ತು. ಎರಡು ದಿನ ಸುಮ್ಮನಿದ್ದಳು ಕೂಡ. ನಕಲು ಹೊಡೆದವರನ್ನು ಗದರಲು ಬಾಯಿ ಬರಲಿಲ್ಲ. ಮೂರನೇ ದಿನ ಪ್ರಬಂಧ ವಾಪಸು ಪಡೆಯುವ ಪತ್ರ ಬರೆದುಕೊಟ್ಟಳು. ಪದವಿ ಹೋಯಿತು, ಅದರ ಹಿಂದೆ ಬಡ್ತಿಯೂ ಹೋಯಿತು.

ಆಮೇಲೆ ಚೂಜಾ ಕೊಟ್ಟಿದ್ದ ಆ ಮೂರು ಪುಸ್ತಕ ಹಿಡಿದು ಅವಳ ಮನೆ ಬಾಗಿಲಿಗೆ ಹೋದಳು.

"ಮತ್ತೆ ಮೊದಲಿಂದ ಬರೀತೀನಿ ಅಕ್ಕಾ. ಕೇಳಿದೋರು, ಹೇಳಿದೋರು, ಇಬ್ಬರ ಹೆಸರೂ ಅಡಿಟಿಪ್ಪಣೀಲಿ ಹಾಕ್ತೀನಿ. ಆ ಅಜ್ಜಿ ಹೆಸರೇನು?"

ಚೂಜಾ ಸಿಡುಕುತ್ತಲೇ ಪುಸ್ತಕ ಕಿತ್ತುಕೊಂಡಳು. ಪುಟ ಹುಡುಕಿದಳು. ಇನ್ನೊಂದು ಪುಸ್ತಕ ತೆಗೆದಳು, ಮೂರನೆಯದನ್ನೂ ತೆಗೆದಳು. ಮುಖದ ಸಿಟ್ಟೆಲ್ಲ ಇಳಿದುಹೋಯಿತು.

"ಅಜ್ಜಿ ಅಂತಲೇ ಕರೀತಿದ್ದೆ ಕಣೇ. ಹೆಸರು ನಾನು ಕೇಳ್ಲೇ ಇಲ್ಲ."