ಹದಿಮೂರನೆಯ ಕ್ಲಿಕ್ಕು

ನನ್ನ ಸ್ಟುಡಿಯೋದ ಗೋಡೆಯ ಮೇಲೆ, ಮದುವೆಯ ಜೋಡಿಗಳಿಗೂ ಜಾವಳ ತೆಗೆಸಿಕೊಂಡ ಕೂಸುಗಳಿಗೂ ನಡುವೆ, ಒಂದು ಕಪ್ಪುಬಿಳುಪು ಚಿತ್ರ ತೂಗುತ್ತಿದೆ. ಜಮಖಾನೆಯ ಮೇಲೆ ದುಂಡನೆಯ ಎಲೆಗಳು ಹರಡಿವೆ. ಒಂದು ಮುದಿ ಕೈ ಇನ್ನೊಂದು ಎಲೆಯನ್ನು ಎತ್ತಿ ಹಿಡಿದಿದೆ, ಇನ್ನೂ ಹಾಕಿಲ್ಲ. ಬಂದ ಗಿರಾಕಿಗಳು, "ಏನ್ರೀ ಇದು, ಹಪ್ಪಳಾ ಒಣಗ ಹಾಕ್ಯಾರೇನ್ರಿ?" ಎಂದು ಕೇಳುತ್ತಾರೆ. ನಾನು ನಗುತ್ತೇನೆ. ದಿನವಿಡೀ ಪರರಿಗೆ ನಗಿರಿ ಎನ್ನುವವನು ತಾನೇ ಮುಖ ಗಂಟಿಕ್ಕಿಕೊಂಡರೆ ನಡೆಯುತ್ತದೆಯೇ, ನೀವೇ ಹೇಳಿ.

ಅವು ಗಂಜೀಫವೆಂಬ ಹಳೆಯ ಇಸ್ಪೀಟಿನಂಥ ಆಟದ ಎಲೆಗಳು. ಹತ್ತು ಅವತಾರಗಳಿಗೆ ಹನ್ನೆರಡರಂತೆ ನೂರಿಪ್ಪತ್ತು. ಅವತಾರಕ್ಕೊಂದು ಬಣ್ಣದ ನೆಲ, ಅದರ ಮೇಲೆ ಕೂದಲೆಳೆಯಂಥ ಕುಂಚದಲ್ಲಿ ಬರೆದ ರಾಜ, ಮಂತ್ರಿ, ಮೀನು, ಆಮೆ, ಕೊಡಲಿ. ನಮ್ಮ ರಾಮದುರ್ಗದಲ್ಲಿ ಆ ಆಟ ಬಲ್ಲವರೆಂದು ಉಳಿದಿದ್ದವಳು ನೀಲವ್ವಾಯಿ ಒಬ್ಬಳೇ. ಎಲೆಗಳು ಅವಳ ತಾಯಿ ಕೊಟ್ಟವು. ಜೊತೆಗೆ ಆಡುತ್ತಿದ್ದವರು ಒಬ್ಬೊಬ್ಬರಾಗಿ ಲೋಕ ಬಿಟ್ಟಿದ್ದರು, ಅವಳು ಅಣ್ಣನ ಮಗ ಬಸಲಿಂಗಪ್ಪನ ಮನೆಯಲ್ಲಿದ್ದಳು. ಒಂದು ದಿನ ಅವನೇ ನನ್ನನ್ನು ಕರೆಸಿ, ಬಾಗಿಲಲ್ಲಿಯೇ ತಡೆದು ಪಿಸುಗುಟ್ಟಿದ:

"ಮುಂಬೈ ಗಿರಾಕಿಗೆ ಫೋಟೋ ಕಳಸೂದೈತಿ. ಚಿತ್ರಾನೂ ಚಂದ ಕಾಣಬೇಕು, ಆಡೂದೂ ಕಾಣಬೇಕು. ಆದ್ರ ಅತ್ತಿ ಮುಂದ ಮಾರೂ ಸುದ್ದಿ ಎತ್ತಬ್ಯಾಡ್ರಿ. ಸಾಲಿ ಹುಡುಗ್ರು ಕಲೀಲಿ ಅಂತ ತಗಸಾಕ ಹತ್ತೇನಿ ಅಂದೇನಿ."

ಬಾಯಿಗೆ ಬೀಗ ಹಾಕಿಕೊಳ್ಳುವುದು ನನಗೆ ಕಷ್ಟವಾಗಲಿಲ್ಲ. ಫೋಟೋ ತೆಗೆಯುವವನಿಗೆ ಕಣ್ಣಿದ್ದರೆ ಸಾಕು, ಊರ ಉಸಾಬರಿ ಯಾಕೆ ಎಂಬ ಸೋಗಿನ ಮಾತೊಂದು ನನ್ನಲ್ಲಿ ಯಾವಾಗಲೂ ಸಿದ್ಧವಿರುತ್ತಿತ್ತು.

ರೀಲಿಗೆ ಹನ್ನೆರಡೇ ಚಿತ್ರ. ಎಂಟನ್ನು ಎಲೆಗಳ ಚೆಲುವಿಗೆ ಸುರಿದೆ. ಉಳಿದ ನಾಲ್ಕಕ್ಕೆ ಬಸಲಿಂಗಪ್ಪನನ್ನೂ ಅವನ ಹೆಂಡತಿಯನ್ನೂ ಎದುರಿಗೆ ಕೂರಿಸಿ, ಆಯಿಯ ಕೈಯಲ್ಲಿ ಎಲೆ ಎತ್ತಿಸಿದೆ. ಹನ್ನೆರಡು ಮುಗಿಯಿತು. ಆಯಿಗೆ ಆಟ ಆಗಷ್ಟೇ ಸುರುವಾಗಿತ್ತು.

ನಮ್ಮ ಕಸುಬಿನಲ್ಲಿ ಒಂದು ಗುಟ್ಟಿದೆ. ರೀಲು ಮುಗಿದ ಮೇಲೂ 'ನಂದೊಂದು ತಗೀರಿ' ಎಂದು ಕಾಡುವವರಿಗೆ ಖಾಲಿ ಕ್ಯಾಮೆರಾ ಒತ್ತಿ ಸಮಾಧಾನ ಮಾಡುವುದು. ಅದರಿಂದ ಯಾರ ಗಂಟೂ ಹೋಗುವುದಿಲ್ಲವೆಂದು ನಂಬಿದ್ದವನು ನಾನು. ಅಂದೂ ಹದಿಮೂರನೆಯ ಕ್ಲಿಕ್ಕು ಒತ್ತಿದೆ.

"ಹಗಲಾದ್ರ ರಾಮನ ರಾಜಾ ಇದ್ದಾವ ಮೊದಲ ಇಳೀಬೇಕು, ರಾತ್ರಿ ಆದ್ರ ಕೃಷ್ಣಂದು. ಇದನ್ನ ತಗದಿ ಏನ ತಮ್ಮಾ?"

"ಹೂಂ ಆಯಿ."

"ಸಾವಕಾಶ ತಗಿ. ತಪ್ಪ ಕಲತ್ರ ಹುಡುಗ್ರು ನನಗ ಬೈತಾವು."

ಎರಡು ತಾಸು ಅವಳು ತನ್ನ ಕೈಯನ್ನೂ ಆಡಿ, ಉಳಿದಿಬ್ಬರ ಕೈಯನ್ನೂ ತಾನೇ ಆಡಿಸಿ, ಒಂದೊಂದು ಎಲೆಗೂ ನಿಲ್ಲಿಸಿ ನನ್ನ ಮುಖ ನೋಡಿದಳು. ಐದು ಬಣ್ಣಗಳಲ್ಲಿ ಹತ್ತರ ಎಲೆ ದೊಡ್ಡದು, ಇನ್ನೈದರಲ್ಲಿ ಒಂದರ ಎಲೆಯೇ ದೊಡ್ಡದು ಎಂದಳು. ಯಾವ ಐದು ಎಂದೂ ಹೇಳಿದಳು. ನಾನು ಹೂಂ ಎಂದೆ, ಒತ್ತಿದೆ. ಗೆಳೆಯರೇ, ರೀಲು ಇದ್ದರೂ ಇಲ್ಲದಿದ್ದರೂ ಕ್ಯಾಮೆರಾದ ಸದ್ದು ಒಂದೇ. ಮನುಷ್ಯನ ಹೂಂಗುಟ್ಟುವಿಕೆಯೂ ಹಾಗೆಯೇ. ಒಳಗೆ ಏನಾದರೂ ಅಚ್ಚಾಗುತ್ತಿದೆಯೋ ಇಲ್ಲವೋ ಎಂಬುದು ಎದುರಿಗೆ ಕೂತವರಿಗೆ ತಿಳಿಯುವ ಬಗೆಯೇ ಇಲ್ಲ. ಕಿವುಡನಾಗಿದ್ದರೆ ದೇವರನ್ನು ದೂರಬಹುದಿತ್ತು. ನಾನು ಕಿವುಡನಲ್ಲ, ಊಟಕ್ಕೆ ಹೊತ್ತಾಯಿತೆಂದು ಚಡಪಡಿಸುತ್ತಿದ್ದೆ, ಅಷ್ಟೇ.

ವಾರವೊಪ್ಪತ್ತಿನಲ್ಲಿ ಆಯಿ ಕೋಲೂರಿಕೊಂಡು ಸ್ಟುಡಿಯೋಕ್ಕೆ ಬಂದಳು. ಹನ್ನೆರಡು ಚಿತ್ರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು, ಕೆಳಗಿಟ್ಟಳು, ಮತ್ತೆ ಎತ್ತಿದಳು.

"ಆಟ ಮುಗಿಯೂದು ಎಲ್ಲೈತೋ ತಮ್ಮಾ?"

"ಅದರಾಗ ಬೆಳಕ ಹೊಕ್ಕು ಹಾಳಾತ್ರಿ ಆಯಿ."

"ಹೋಗ್ಲಿ ಬಿಡು, ಅದಕ್ಯಾಕ ಮಾರಿ ಸಣ್ಣ ಮಾಡ್ತಿ? ನಾಳೆ ಬಾ, ಮತ್ತ ಪೂರಾ ಆಡಿ ತೋರಸ್ತೇನಿ. ಎಲಿ ಹೆಂಗೂ ನಿನ್ನ ಕಡೇನ ಅದಾವಂತಲ್ಲ, ಬಸಲಿಂಗ ಹೇಳ್ಯಾನ. ಬರೂಮುಂದ ತಗೊಂಡು ಬಾ."

ಎಲೆಗಳು ಮುಂಬೈಗೆ ಹೋಗಿ ನಾಲ್ಕು ದಿನವಾಗಿತ್ತು. ಬಸಲಿಂಗಪ್ಪ ತನ್ನ ಕಳ್ಳತನವನ್ನು ನನ್ನ ಹೆಗಲಿಗೆ ಹೊರಿಸಿದ್ದ, ಮತ್ತು ಅದು ನನ್ನ ಹೆಗಲಿಗೆ ಸರಿಯಾಗಿಯೇ ಕೂತಿತು. "ಹೂಂ ಆಯಿ" ಎಂದೆ.

ಮರುದಿನ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ಆಮೇಲೆ ಆ ಓಣಿಯನ್ನೇ ಬಿಟ್ಟೆ. ಸಾಯುವ ತನಕ ಆಯಿ, ಎಲೆಗಳು ಫೋಟೋದ ತಮ್ಮನ ಕಡೆ ಇವೆ, ತರುತ್ತಾನೆ ಎನ್ನುತ್ತಿದ್ದಳಂತೆ. ಒಂದು ದಿನವೂ ನನ್ನನ್ನು ಕಳ್ಳ ಎನ್ನಲಿಲ್ಲವಂತೆ. ಅಂದಿದ್ದರೆ ನಾನೂ ತಿರುಗಿ ಜಗಳವಾಡಿ ಹಗುರಾಗುತ್ತಿದ್ದೆ.

ಮೊದಮೊದಲು ಗಿರಾಕಿಗಳಿಗೆ, ಇದು ಹಪ್ಪಳವಲ್ಲ, ಆಟ ಎಂದು ತಿದ್ದಿ ಹೇಳುತ್ತಿದ್ದೆ. ಅವರು ಕೂಡಲೇ "ಹೆಂಗ ಆಡ್ತಾರ್ರಿ?" ಎಂದು ಕೇಳುತ್ತಿದ್ದರು. ಎರಡು ತಾಸು ಎದುರಿಗೆ ಕೂತು ಹೇಳಿಸಿಕೊಂಡವನು ನಾನು. ಎತ್ತಿದ ಆ ಕೈ ಕೊನೆಗೆ ಆ ಎಲೆಯನ್ನು ಯಾವುದರ ಮೇಲೆ ಹಾಕಿತು ಎಂಬುದೂ ನನಗೆ ಗೊತ್ತಿಲ್ಲ. ಅದಕ್ಕೇ ಈಗ ಯಾರಾದರೂ ಕೇಳಿದರೆ, "ಹೌದ್ರಿ, ಹಪ್ಪಳಾನ" ಎಂದುಬಿಡುತ್ತೇನೆ. ಕ್ಯಾಮೆರಾದ ಹಿಂದೆ ಹೋಗಿ ನಿಂತು, "ಇಲ್ಲಿ ನೋಡ್ರಿ, ಸ್ವಲ್ಪ ನಗ್ರಿ" ಎನ್ನುತ್ತೇನೆ.