ಕಪ್ಪೆಯ ಮುಂದೆ ಟಕಟಕಮ್ಮ

ಕೋರ್ಟಿನ ಸುತ್ತಮುತ್ತ ನಮ್ಮ ದೊಡ್ಡಮ್ಮನನ್ನು ಎಲ್ಲರೂ ಟಕಟಕಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಕರೆದರೆ ಅವಳಿಗೆ ಕೇಳಿಸುವುದಿಲ್ಲ ಅಂತ ಅವರ ಎಣಿಕೆ. ಚೆನ್ನಾಗಿಯೇ ಕೇಳಿಸುತ್ತಿತ್ತು. "ಕರೀಲಿ ಬಿಡೆ. ಮಾಡೋ ಕೆಲಸದ ಹೆಸರು ತಾನೆ, ಕೆಟ್ಟ ಹೆಸರೇನಲ್ಲವಲ್ಲ" ಎನ್ನುತ್ತಿದ್ದಳು.

ಮೂವತ್ತನಾಲ್ಕು ವರ್ಷ ಒಂದೇ ವಕೀಲರ ಕಚೇರಿ, ಒಂದೇ ಕುರ್ಚಿ, ಒಂದೇ ಟೈಪ್‌ರೈಟರ್. ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಗಿದ್ದರೂ ಉಯಿಲು, ಪಾಲುಪಟ್ಟಿ, ಕ್ರಯಪತ್ರ ಮಾತ್ರ ಟೈಪ್‌ರೈಟರಿನಲ್ಲೇ ಆಗಬೇಕು ಎಂಬುದು ದೊಡ್ಡ ವಕೀಲರ ಹಠ. ನಡುವೆ ಕಾರ್ಬನ್ ಹಾಳೆ ಇಟ್ಟು ಒಂದೇ ಏಟಿಗೆ ಐದು ಪ್ರತಿ ಹೊಡೆದರೆ ಅದನ್ನು ಯಾರಪ್ಪನೂ ತಿದ್ದಲಾರ ಎನ್ನುತ್ತಿದ್ದರು. ಕಕ್ಷಿದಾರರಿಗೂ ಅದೇ ಅಭ್ಯಾಸವಾಗಿ ಹೋಗಿತ್ತು.

ಐದು ಪ್ರತಿಯ ಕಷ್ಟ ಏನೆಂದು ದೊಡ್ಡಮ್ಮ ನನಗೆ ಚಿಕ್ಕಂದಿನಲ್ಲೇ ತೋರಿಸಿದ್ದಳು. ಮೊದಲನೆಯ ಪ್ರತಿ ಯಾರು ಹೊಡೆದರೂ ಚೆಂದ. ಬೆರಳಿನ ಬಲ ಬಯಲಾಗುವುದು ಐದನೆಯದರಲ್ಲಿ. ಒಂದು ಬೆರಳು ಜೋರು, ಇನ್ನೊಂದು ಮೆತ್ತಗಾದರೆ ಅಲ್ಲಿ ಒಂದಕ್ಷರ ಕಪ್ಪು, ಒಂದಕ್ಷರ ಮಾಯ. ಅವಳ ಐದನೆಯ ಪ್ರತಿಯನ್ನು ಕಿಟಕಿಗೆ ಹಿಡಿದರೆ ಎಲ್ಲ ಅಕ್ಷರವೂ ಒಂದೇ ಬಣ್ಣ. ಡ್ರಾಫ್ಟಿನಲ್ಲಿದ್ದ ಒಂದು ಪದವನ್ನೂ ಅವಳು ಬದಲಾಯಿಸಿದವಳಲ್ಲ. ಹಾಗಾಗಿ ಆ ಕಚೇರಿಯಲ್ಲಿ ಒಂದು ಪದ್ಧತಿಯೇ ಬೆಳೆದಿತ್ತು. ಟಕಟಕಮ್ಮ ಹೊಡೆದ ಕಾಗದವನ್ನು ಯಾರೂ ಮತ್ತೆ ಓದುತ್ತಿರಲಿಲ್ಲ. ದೊಡ್ಡ ವಕೀಲರು ಪೆನ್ನಿನ ಮುಚ್ಚಳ ತೆಗೆದವರೇ ಐದಕ್ಕೂ ಸಹಿ ಹಾಕಿ ಕೊಡುತ್ತಿದ್ದರು. ಅದಕ್ಕಿಂತ ದೊಡ್ಡ ಮರ್ಯಾದೆ ಅವಳಿಗೆ ಬೇಕಾಗಿರಲಿಲ್ಲ.

ಅವರು ತೀರಿಕೊಂಡ ಮೇಲೆ ಮಗ ಬಂದ. ಚಿಕ್ಕ ವಕೀಲ. ಕೆಟ್ಟವನಲ್ಲ, ಹಾಗಂತ ಒಳ್ಳೆಯವನು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಷ್ಟರಲ್ಲಿ ದೊಡ್ಡಮ್ಮನಿಗೆ ಸಣ್ಣದಾಗಿ ಪಾರ್ಶ್ವವಾಯು ಹೊಡೆಯಿತು. ನಾಲ್ಕು ತಿಂಗಳಲ್ಲಿ ಎದ್ದಳು, ತಲೆ ತಾನೇ ಬಾಚಿಕೊಂಡಳು, ಗುಂಡಿ ತಾನೇ ಹಾಕಿಕೊಂಡಳು. ಆದರೆ ಬಲಗೈಯ ಕಿರುಬೆರಳೂ ಅದರ ಪಕ್ಕದ್ದೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಕೆಲಸಕ್ಕೆ ವಾಪಸಾದ ಮೊದಲ ವಾರವೇ ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತವು. ಐದನೆಯ ಪ್ರತಿಯಲ್ಲಿ ಎಡಗೈ ಅಕ್ಷರ ಮಸಿ ಸುರಿದ ಹಾಗೆ, ಬಲಗೈ ಅಕ್ಷರ ಇದೆಯೋ ಇಲ್ಲವೋ.

ಚಿಕ್ಕ ವಕೀಲ ಪೆನ್ಸಿಲ್ ಹಿಡಿದು ಓದಲು ಶುರು ಮಾಡಿದ. ಅವಳ ಕಣ್ಣೆದುರೇ, ಸಾಲು ಸಾಲಾಗಿ, ತಪ್ಪಿನ ಕೆಳಗೆ ಗೆರೆ ಎಳೆಯುತ್ತಾ.

"ಬೈದಿದ್ರೆ ಸಹಿಸ್ತಿದ್ದೆ ಕಣೆ, ಓದ್ತಾನೆ" ಎಂದು ಆ ದಿನ ರಸ್ತೆಯಾಚೆಗಿನ ನನ್ನ ರಿಪೇರಿ ಅಂಗಡಿಗೆ ಬಂದು ಕೂತವಳು ಅತ್ತಳು. ದೊಡ್ಡಮ್ಮ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುವಾರ ಅವನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಒಂದು ಡ್ರಾಫ್ಟ್ ತಂದು ಅವಳ ಮೇಜಿನ ಮೇಲಿಟ್ಟ. ಹಾಳೆ ತುಂಬ ಅವಳ ಸೇವೆಯ ಹೊಗಳಿಕೆ. ಕೊನೆಯಲ್ಲಿ ಎರಡು ಸಾಲು: "ಬಲಗೈ ಮೊದಲಿನಂತೆ ಕೆಲಸ ಮಾಡದ ಕಾರಣ ನಾನು ಸ್ವಂತ ಇಚ್ಛೆಯಿಂದ ಈ ಕೆಲಸವನ್ನು ಬಿಡುತ್ತಿದ್ದೇನೆ. ಇದನ್ನು ಒಪ್ಪಿಕೊಳ್ಳಬೇಕಾಗಿ ಕೋರುತ್ತೇನೆ." ಕೆಳಗೆ ಅವಳ ಹೆಸರು. "ಅವಸರ ಇಲ್ಲಮ್ಮ, ತಿಂಗಳ ಕೊನೇ ಶುಕ್ರವಾರದೊಳಗೆ ನೀವೇ ಟೈಪ್ ಮಾಡಿ ಕೊಡಿ, ನಾನು ಒಪ್ಪಿಗೆ ಹಾಕ್ತೀನಿ" ಅಂದನಂತೆ.

ಅವಳ ರಾಜೀನಾಮೆಯನ್ನು ಅವಳ ಕೈಯಲ್ಲೇ ಹೊಡೆಸುವುದು! ಕೇಳಿದ ಕೂಡಲೇ ನನ್ನ ಮೈಯೆಲ್ಲ ಉರಿದುಹೋಯಿತು. ನನ್ನದು ಹಳೆ ಮೊಬೈಲು, ರೇಡಿಯೋ ರಿಪೇರಿ ಕೆಲಸ. ಸಿಟ್ಟು ಬಂದಾಗ ಸ್ಕ್ರೂ ಡ್ರೈವರ್ ಹಿಡಿಯಬಾರದು. ಹಿಡಿದೆ, ಯಾರದೋ ಫೋನಿನ ಗಾಜು ಹೋಯಿತು.

"ಹರಿದು ಅವನ ಮುಖಕ್ಕೆ ಎಸೆದು ಬಾ" ಅಂದೆ.

"ಎಸೆಯೋದು ಏನು ಮಹಾ. ಹೊಡೆದು ಕೊಡ್ತೀನಿ. ಐದನೇ ಪ್ರತಿ ಮೊದಲನೇದರ ಹಾಗೆ ಬರಬೇಕು. ಆಮೇಲೆ ಕೈ ಆಗಲ್ಲ ಅನ್ನೋ ಮಾತನ್ನ ಅವನು ಯಾವ ಬಾಯಲ್ಲಿ ಹೇಳ್ತಾನೋ ನೋಡೋಣ" ಎಂದಳು.

ಶುಕ್ರವಾರಕ್ಕೆ ಇಪ್ಪತ್ತೆರಡು ದಿನ ಇತ್ತು.

ಆಸ್ಪತ್ರೆಯವರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಇದನ್ನ ಹಿಸುಕಿದ್ರೆ ಚೆಂಡಿಗೆ ವ್ಯಾಯಾಮ, ನನಗಲ್ಲ" ಎಂದು ಮೂಲೆಗೆ ಬಿಸಾಕಿದ್ದಳು. ಆ ಮಧ್ಯಾಹ್ನ ನನ್ನ ಮೇಜಿನ ಮೇಲೆ ಒಂದು ಹಳೆಯ ವಿಡಿಯೋ ಗೇಮ್ ಇತ್ತು. ಅಂಗೈಯಗಲದ್ದು, ಬಣ್ಣ ಹೋದದ್ದು. ಯಾರೋ ಏಳು ವರ್ಷದ ಹಿಂದೆ ರಿಪೇರಿಗೆ ಕೊಟ್ಟು ಮರೆತದ್ದು. ಅದರೊಳಗೆ ಒಂದೇ ಒಂದು ಆಟ. ಪರದೆಯ ಮೇಲಿಂದ ಕೆಂಪು, ನೀಲಿ ಚುಕ್ಕೆಗಳು ಹಾಡಿನ ತಾಳಕ್ಕೆ ಉದುರುತ್ತವೆ. ಚುಕ್ಕೆ ಕೆಳಗಿನ ಗೆರೆ ಮುಟ್ಟಿದ ಕ್ಷಣಕ್ಕೇ ಒತ್ತಬೇಕು, ಕೆಂಪಿಗೆ ಎಡಗುಂಡಿ, ನೀಲಿಗೆ ಬಲಗುಂಡಿ. ಮೂಲೆಯಲ್ಲಿ ಡೋಲು ಇಟ್ಟುಕೊಂಡು ಒಂದು ಕಪ್ಪೆ ಕೂತಿರುತ್ತದೆ. ಸರಿ ಒತ್ತಿದರೆ ಡೋಲು ಬಾರಿಸುತ್ತದೆ. ತಪ್ಪಿದರೆ ತಲೆ ಅಲ್ಲಾಡಿಸುತ್ತದೆ, ಅದೂ ಬಹಳ ಬೇಜಾರಾದವರ ಹಾಗೆ. ನಾನು ಗುಂಡಿ ಸರಿಹೋಯಿತೇ ಅಂತ ಪರೀಕ್ಷೆ ಮಾಡುತ್ತಿದ್ದೆ.

"ಇಲ್ಲಿ ಕೊಡು" ಎಂದಳು ದೊಡ್ಡಮ್ಮ.

"ನಿನಗೆ ಆಗಲ್ಲ ಬಿಡು, ಇದಕ್ಕೆ ತಾಳ ಬೇಕು."

ಬೇಕೆಂದೇ ಅಂದೆ. ಆಗಲ್ಲ ಎಂಬ ಮಾತು ಆ ತಿಂಗಳು ಅವಳಿಗೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಕಿತ್ತುಕೊಂಡಳು. ಮಣಿಕಟ್ಟು ಎತ್ತಿ, ಬೆನ್ನು ನೆಟ್ಟಗೆ ಮಾಡಿ, ಟೈಪ್‌ರೈಟರ್ ಮುಂದೆ ಕೂರುವ ಹಾಗೇ ಕೂತಳು. ಗುಂಡಿಗೆ ಹೆಬ್ಬೆರಳು ಇಡು ಅಂದರೆ ಕೇಳಲಿಲ್ಲ. "ಹೆಬ್ಬೆರಳು ಇರೋದು ಪದದ ನಡುವೆ ಜಾಗ ಬಿಡೋಕೆ" ಎಂದು ಆಟವನ್ನು ತೊಡೆಯ ಮೇಲಿಟ್ಟು ಬಲಗೈ ಕಿರುಬೆರಳನ್ನೇ ನೀಲಿಗೆ ಇಟ್ಟಳು.

ಹಾಡು ಶುರುವಾಯಿತು. ಒಂದು ಸಾಲು ಹೇಗೋ ಸಾಗಿತು. ಸಾಲು ಮುಗಿಯುತ್ತಲೇ ಆಟದೊಳಗೆ ಟಿಣ್ ಎಂದು ಒಂದು ಗಂಟೆ ಬಾರಿಸಿತು. ಅಷ್ಟೇ! ಅವಳ ಎಡಗೈ ತಾನೇ ತಾನಾಗಿ ಎದ್ದು ಆಟದ ಅಂಚಿಗೆ ರಪ್ಪನೆ ಒಂದು ತಳ್ಳು ತಳ್ಳಿತು. ಟೈಪ್‌ರೈಟರಿನಲ್ಲಿ ಸಾಲಿನ ಕೊನೆಗೆ ಗಂಟೆ ಬಾರಿಸಿದರೆ ಎಡಗೈಯಿಂದ ಪಕ್ಕದ ಸನ್ನೆಕೋಲು ತಳ್ಳಿ ಮುಂದಿನ ಸಾಲಿಗೆ ಹೋಗಬೇಕಲ್ಲ, ಮೂವತ್ತನಾಲ್ಕು ವರ್ಷ ಅದನ್ನೇ ಮಾಡಿದ ಕೈ. ಆಟ ತೊಡೆಯಿಂದ ಹಾರಿ ನನ್ನ ಸ್ಕ್ರೂಗಳ ಡಬ್ಬಿಯಲ್ಲಿ ಬಿತ್ತು. ಡಬ್ಬಿಯೊಳಗಿಂದಲೇ ಹಾಡು ಮುಂದುವರಿಯಿತು. ಇಣುಕಿ ನೋಡಿದರೆ ಕಪ್ಪೆ ತಲೆ ಅಲ್ಲಾಡಿಸುತ್ತಿತ್ತು.

ನಾನು ನಕ್ಕು ನಕ್ಕು ಮೇಜಿಗೆ ಒರಗಿದೆ. ಅವಳೂ ನಕ್ಕಳು, ಆದರೆ ಅರ್ಧಕ್ಕೇ ನಿಲ್ಲಿಸಿದಳು.

"ಏನದು, ಆ ಕಪ್ಪೆ ನನ್ನ ನೋಡಿ ತಲೆ ಅಲ್ಲಾಡಿಸೋದು? ನನಗಿಂತ ಮುಂಚೆ ಹುಟ್ಟಿದ್ಯಾ ಅದು? ತೆಗಿ ಈಚೆಗೆ!"

ಎರಡನೆಯ ಸಲ, ಮೂರನೆಯ ಸಲ. ಗಂಟೆ ಬಾರಿಸಿದಾಗಲೆಲ್ಲ ಎಡಗೈಯನ್ನು ಹಲ್ಲು ಕಚ್ಚಿ ತಡೆದಳು. ಹಾಡು ಮುಗಿದಾಗ ಅಂಕ ನೂರಕ್ಕೆ ಒಂಬತ್ತು.

"ಈ ಹಾಡೇ ಸರಿ ಇಲ್ಲ" ಎಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಮುಚ್ಚೆ ಬಾಯಿ. ಇನ್ನೊಂದ್ಸಲ ಹಾಕು."

ಆಗ ನಾನು ಗಮನಿಸಿದೆ. ಬಲಗೈ ತಡವಾಗುತ್ತಿದ್ದುದು ಸರಿಯೇ. ಆದರೆ ಕಪ್ಪೆ ಕೆಂಪು ಚುಕ್ಕೆಗೂ ತಲೆ ಅಲ್ಲಾಡಿಸುತ್ತಿತ್ತು. ಎಡಗೈ ಪ್ರತಿ ಸಲವೂ ಚುಕ್ಕೆ ಗೆರೆ ಮುಟ್ಟುವ ಮುಂಚೆಯೇ ಒತ್ತಿಬಿಡುತ್ತಿತ್ತು. "ದೊಡ್ಡಮ್ಮಾ, ನಿನ್ನ ಎಡಗೈ ಮುಂಚೆ ಹೋಗ್ತಿದೆ ನೋಡು" ಅಂದೆ. ನಂಬಲಿಲ್ಲ. ಎಡಗೈಯೊಂದರಲ್ಲೇ ಆಡಿಸಿದೆ. ಆಗಲೂ ಮುಂಚೆಯೇ.

ಅವಳು ಆಟ ಕೆಳಗಿಟ್ಟು ಎರಡೂ ಕೈಯನ್ನು ಮಗುಚಿ ನೋಡಿಕೊಂಡಳು. "ಬಲಗೈ ಹಿಂದೆ ಬಿತ್ತಲ್ಲ ಅಂತ ಇದು ಓಡೋಕೆ ಶುರು ಮಾಡಿದೆ. ಅದರ ಕೆಲಸವನ್ನೂ ಇದೇ ಮಾಡಿಬಿಡೋ ಹಾಗೆ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು. ಕಡ್ಡಿ ಸಿಕ್ಕಿಕೊಳ್ಳದೆ ಇನ್ನೇನು? ಇಷ್ಟು ದಿನ ಪಾಪ, ಬಲಗೈಯನ್ನೇ ಬೈದೆ" ಎಂದಳು.

ಅಲ್ಲಿಂದ ದಿನಾ ಮಧ್ಯಾಹ್ನದ ಬಿಡುವಿನಲ್ಲಿ ಬರತೊಡಗಿದಳು. ಕಚೇರಿಯ ಮೆಟ್ಟಿಲಿಳಿದು, ರಸ್ತೆ ದಾಟಿ, ನನ್ನ ಅಂಗಡಿಯ ಮುರುಕು ಸ್ಟೂಲಿಗೆ. ಬಲಗೈಯನ್ನು ಓಡಿಸುವ ಆಸೆಯನ್ನೇ ಬಿಟ್ಟಳು. ಎಡಗೈಗೆ ಕಾಯುವುದನ್ನು ಕಲಿಸಿದಳು. "ನಿಲ್ಲೇ ಮಾರಾಯ್ತಿ, ನಿನ್ನ ತಂಗಿ ಬರಲಿ" ಎಂದು ಅದಕ್ಕೆ ಗದರುವುದು ರಸ್ತೆಯವರಿಗೂ ಕೇಳುತ್ತಿತ್ತು. ಪಕ್ಕದ ಬೀಗ ರಿಪೇರಿಯವನು ಒಂದು ದಿನ ಬಂದು, "ಈ ವಯಸ್ಸಲ್ಲಿ ವಿಡಿಯೋ ಗೇಮೇನಮ್ಮಾ?" ಎಂದ. "ಯಾಕೆ, ನಿನ್ನ ಬೀಗಕ್ಕೆ ತುಕ್ಕು ಹಿಡೀತಾ? ಹೋಗು, ಎಣ್ಣೆ ಹಾಕು" ಎಂದಳು ಪರದೆಯಿಂದ ಕಣ್ಣೆತ್ತದೆ. ಅವನು ಮತ್ತೆ ಬರಲಿಲ್ಲ.

ಒಂಬತ್ತು ಇಪ್ಪತ್ತಾಯಿತು, ಮೂವತ್ತೊಂದಾಯಿತು, ಒಂದು ದಿನ ಬಲಗೈ ಜೋಮು ಹಿಡಿದು ಹನ್ನೆರಡಕ್ಕೆ ಬಿತ್ತು. ಆ ದಿನ ಕಪ್ಪೆಗೆ ಬಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಶುಕ್ರವಾರದ ಹಿಂದಿನ ದಿನ ಅರವತ್ನಾಲ್ಕು. ನೂರಾದರೆ ಕಪ್ಪೆ ಎದ್ದು ಕುಣಿಯುತ್ತದಂತೆ. ನಮಗೆ ಕುಣಿಯಲಿಲ್ಲ. ಆದರೆ ಇಡೀ ಹಾಡಿನಲ್ಲಿ ಎಡಗೈಗೆ ನಾಲ್ಕೇ ಸಲ ತಲೆ ಅಲ್ಲಾಡಿಸಿತು.

"ಸಾಕು. ನಾಳೆ ನೀನೂ ಬಾ" ಎಂದಳು.

ಶುಕ್ರವಾರ ನಾನು ಅಂಗಡಿಗೆ ಬೀಗ ಹಾಕಿ ಅವಳ ಜೊತೆ ಮೆಟ್ಟಿಲು ಹತ್ತಿದೆ. ಚಿಕ್ಕ ವಕೀಲ ಎದ್ದು ನಿಂತು ನನಗೂ ಕುರ್ಚಿ ಎಳೆದುಕೊಟ್ಟ. ಆ ವಿನಯ ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು. ದೊಡ್ಡಮ್ಮ ಐದು ಹಾಳೆ, ನಾಲ್ಕು ಕಾರ್ಬನ್ ಜೋಡಿಸಿ, ಅಂಚು ತಟ್ಟಿ, ಉರುಳೆಗೆ ಏರಿಸಿದಳು. ಡ್ರಾಫ್ಟನ್ನು ಎಡಕ್ಕೆ ಇಟ್ಟುಕೊಂಡಳು.

ಹಿಂದೆಲ್ಲ ಅವಳ ಟೈಪಿನ ಸದ್ದು ಆಲಿಕಲ್ಲು ಬಿದ್ದ ಹಾಗಿರುತ್ತಿತ್ತು. ಈಗ ಹಾಗಿರಲಿಲ್ಲ. ನಿಧಾನ. ಟಕ್, ಟಕ್, ಟಕ್. ಯಾವುದು ಎಡ, ಯಾವುದು ಬಲ ಎಂದು ಕಣ್ಣು ಮುಚ್ಚಿದರೆ ಗೊತ್ತಾಗುತ್ತಿರಲಿಲ್ಲ. ಗಂಟೆ ಬಾರಿಸಿತು, ಎಡಗೈ ಸನ್ನೆಕೋಲು ತಳ್ಳಿತು, ಈ ಸಲ ತಳ್ಳಬೇಕಾದದ್ದನ್ನೇ. ಹತ್ತು ನಿಮಿಷದ ಹಾಳೆಗೆ ಅರ್ಧ ಗಂಟೆ ಹಿಡಿಯಿತು. ಒಂದು ಕಡ್ಡಿಯೂ ಸಿಕ್ಕಿಕೊಳ್ಳಲಿಲ್ಲ. ಕೊನೆಯ ಸಾಲುಗಳಿಗೆ ಬಂದಾಗ ಮಾತ್ರ ಅವಳು ಒಮ್ಮೆ ನಿಂತಳು. ಕೈ ಸೋತಿತೇನೋ ಅಂದುಕೊಂಡೆ. ಸೋತಿರಲಿಲ್ಲ. ಮತ್ತೆ ಹೊಡೆದಳು.

ಹಾಳೆ ತೆಗೆದು, ಕಾರ್ಬನ್ ಬಿಡಿಸಿ, ಮೊದಲು ಐದನೆಯ ಪ್ರತಿಯನ್ನೇ ಅವನ ಕೈಗೆ ಕೊಟ್ಟಳು. ಅವನು ಕಿಟಕಿಗೆ ಹಿಡಿದು ನೋಡಿದ. ಮೇಲೆ ನೋಡಿದ, ಕೆಳಗೆ ನೋಡಿದ, ಕಣ್ಣಿನ ಹತ್ತಿರ ತಂದು ನೋಡಿದ. ಅಕ್ಷರಗಳು ಹಿಂದಿನಷ್ಟು ಕಪ್ಪಾಗಿರಲಿಲ್ಲ. ಎಲ್ಲವೂ ಸ್ವಲ್ಪ ತಿಳಿ. ಆದರೆ ಎಲ್ಲವೂ ಒಂದೇ ತಿಳಿ.

"ಚೆನ್ನಾಗಿ ಬಂದಿದೆ ಅಮ್ಮ" ಎಂದ. ಅವನ ದನಿ ಸಣ್ಣದಾಗಿತ್ತು. "ನಿಜವಾಗ್ಲೂ ಚೆನ್ನಾಗಿ ಬಂದಿದೆ."

"ಹಾಗಾದ್ರೆ ಒಪ್ಪಿಗೆ ಹಾಕಿ."

ಹೊಗಳಿಕೆ ಅವನದೇ, ಡ್ರಾಫ್ಟ್ ಅವನದೇ, ಮತ್ತೆ ಓದುವುದೇನಿದೆ? ಪೆನ್ನು ತೆಗೆದು, "ಒಪ್ಪಿದೆ" ಎಂದು ಬರೆದು ಐದಕ್ಕೂ ಸಹಿ ಹಾಕಿದ, ಥೇಟ್ ಅವರಪ್ಪನ ಹಾಗೇ. ಅವಳು ಐದನ್ನೂ ಎಳೆದುಕೊಂಡು, ಒಂದನ್ನು ನನ್ನ ಕೈಗಿಟ್ಟಳು. "ಕೊನೇ ಎರಡು ಸಾಲು ಓದೆ, ಜೋರಾಗಿ."

ಓದಿದೆ. "ಬಲಗೈ ಮೊದಲಿನಂತೆ ಕೆಲಸ ಮಾಡದಿದ್ದರೂ ನಾನು ಸ್ವಂತ ಇಚ್ಛೆಯಿಂದ ಈ ಕೆಲಸವನ್ನು ಬಿಡುವುದಿಲ್ಲ. ಇದನ್ನು ಒಪ್ಪಿಕೊಳ್ಳಬೇಕಾಗಿ ಕೋರುತ್ತೇನೆ."

ಚಿಕ್ಕ ವಕೀಲನ ಮುಖ ಕೆಂಪಗಾಯಿತು. "ನೀವು ಡ್ರಾಫ್ಟ್ ಬದಲಾಯಿಸಿದ್ರಿ! ನೀವು ಯಾವತ್ತೂ..."

"ಹೌದಪ್ಪ, ಯಾವತ್ತೂ ಇಲ್ಲ. ಮೂವತ್ತನಾಲ್ಕು ವರ್ಷಕ್ಕೆ ಎರಡು ಪದ. ಅದೆಲ್ಲ ಬೇರೆಯವರ ಕಾಗದ, ಮುಟ್ಟೋ ಹಕ್ಕು ನನಗಿರಲಿಲ್ಲ. ಇದರ ಕೆಳಗೆ ಯಾರ ಹೆಸರಿದೆ ನೋಡು. ನನ್ನ ಹೆಸರಿನ ಮೇಲೆ ಬರೋ ಮಾತು ನನ್ನದಾಗಿರಬೇಕು" ಎಂದಳು. ಅವಳು ಅವನನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಅಂದೇ ಕೇಳಿದ್ದು. "ಬೇಡ ಅಂದ್ರೆ ನನ್ನನ್ನ ಕೆಲಸದಿಂದ ತೆಗೆದುಹಾಕು. ಆದ್ರೆ ತೆಗೆದುಹಾಕಿದೆ ಅಂತ ನೀನು ಬರಿ, ನಿನ್ನ ಹೆಸರಲ್ಲಿ. ಐದು ಪ್ರತಿ ಬೇಕಾದ್ರೆ ನಾನೇ ಹೊಡೆದುಕೊಡ್ತೀನಿ."

ಅವನು ಮೇಜಿನ ಖಾನೆ ಎಳೆದು ಆ ಪೆನ್ಸಿಲ್ ತೆಗೆದ. ಐದನೆಯ ಪ್ರತಿಯನ್ನು ಮುಂದಿಟ್ಟುಕೊಂಡು ಮೊದಲ ಸಾಲಿನಿಂದ, ಪದ ಪದವಾಗಿ, ತುಟಿ ಅಲ್ಲಾಡಿಸುತ್ತಾ ಓದಿದ. ಪೆನ್ಸಿಲ್ ಹಾಳೆಯ ಮೇಲೆ ಸಾಲಿನಿಂದ ಸಾಲಿಗೆ ಇಳಿಯಿತು, ಎಲ್ಲೂ ಗೆರೆ ಎಳೆಯಲಿಲ್ಲ. ಆ ಕೊನೆಯ ಎರಡು ಸಾಲನ್ನು ಎರಡು ಸಲ ಓದಿದ. ಪೆನ್ಸಿಲ್ ಕೆಳಗಿಟ್ಟ.

"ಎಲ್ಲೂ ತಪ್ಪಿಲ್ಲ" ಎಂದ.

"ಗೊತ್ತು" ಎಂದಳು ದೊಡ್ಡಮ್ಮ, ಆಗಲೇ ಮುಂದಿನ ಐದು ಹಾಳೆ ಜೋಡಿಸುತ್ತಾ. "ನಾಳೆ ಪಾಲುಪಟ್ಟಿ ಇದೆಯಲ್ಲ, ಅದರ ಡ್ರಾಫ್ಟ್ ಕೊಡು."